ಗೆರೆಯ ಆಚೆಗಿಟ್ಟ ಮನೆ

ಅಕ್ಕ ಮೇಲೆ ಓಡಾಡುತ್ತಿದ್ದಳು. ಮನೆಯ ಅಡಿಯಲ್ಲಿ, ಒದ್ದೆ ಮರಳಿನ ಮೇಲೆ ಅಂಗಾತ ಮಲಗಿದ್ದ ಓಡೆಲ್ ಗಿಲಿಕಿನ್ ಅವಳ ಹೆಜ್ಜೆಗಳನ್ನು ಕೇಳುತ್ತಿದ್ದ. ಒಲೆಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ, ಅಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಒಲೆಗೆ. ಎಡಗಾಲನ್ನು ಎಳೆದು ಹಾಕುತ್ತಿದ್ದಾಳೆ. ಇದು ಯಾವಾಗಿನಿಂದ? ಎದುರಿಗೆ ಕೂತು ದಿನಾ ಕಾಫಿ ಕುಡಿಯುವಾಗ ಗೊತ್ತಾಗದ್ದು ಹಲಗೆಯ ಅಡಿಯಲ್ಲಿ ಮಲಗಿದಾಗ ಗೊತ್ತಾಗಬೇಕೆ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಲೆಯ ಹತ್ತಿರ ಮೂಲೆಯ ಇಟ್ಟಿಗೆ ಕಂಬ ಇತ್ತು, ಅವನೇ ಕಟ್ಟಿದ್ದು. ಕೈಗೆ ಎಟುಕುವಲ್ಲಿ ಜಾಕಿ, ಸುತ್ತಿಗೆ, ಉಳಿ. ಬಿರುಗಾಳಿಯ ಹಾನಿ ನೋಡಲು ಬರುವ ಸರ್ಕಾರದ ಹೆಂಗಸು ಮಧ್ಯಾಹ್ನದ ಊಟ ಮುಗಿಸಿಕೊಂಡು ಬರುತ್ತೇನೆಂದಿದ್ದಳು. ಅಷ್ಟರೊಳಗೆ ಇದು, ಬಿರುಗಾಳಿಯ ನೀರು ಬೇರೆ ಕಡೆಯಿಂದ ತೇಲಿಸಿಕೊಂಡು ಬಂದು ಇಲ್ಲಿ ಕುಕ್ಕಿ ಹೋದ ಮನೆಯ ಹಾಗೆ ಕಾಣಬೇಕು. ಕಂಡರೆ ಹಾರಿಹೋದ ಚಾವಣಿಗೆ ಸರ್ಕಾರ ದುಡ್ಡು ಕೊಡುತ್ತದೆ, ಅಕ್ಕ ದ್ವೀಪದಲ್ಲೇ ಇರುತ್ತಾಳೆ. ಕಾಣದಿದ್ದರೆ ಚಾವಣಿಯಿಲ್ಲ, ಮೇಲೆ ನೀಲಿ ಟಾರ್ಪಾಲು ಹೊದಿಸಿದ ಮನೆಯಲ್ಲಿ ಎಪ್ಪತ್ತರ ಹತ್ತಿರದ ವಿಧವೆ ಚಳಿಗಾಲ ಕಳೆಯುವುದು ಆಗದ ಮಾತು. ಇದೆಲ್ಲ ಸ್ಪಷ್ಟವಾಗಿಯೇ ಇತ್ತು. ಆದರೂ ಅವನ ಕೈ ಜಾಕಿಯ ಕಡೆಗೆ ಹೋಗುತ್ತಿರಲಿಲ್ಲ.

ಟೀಲ್ಸ್ ಬ್ಯಾಂಕ್ ದ್ವೀಪದಲ್ಲಿ ಮನೆ ಎಂದರೆ ನೆಲಕ್ಕೆ ಅಂಟಿಕೊಂಡ ವಸ್ತುವಲ್ಲ. ಕಡಲು ಒಂದು ಕಡೆ ತಿನ್ನುತ್ತ ಬಂದರೆ ಜನ ಮನೆಯನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ಇಟ್ಟುಕೊಳ್ಳುತ್ತಾರೆ. ಅಜ್ಜನ ಕಾಲದಲ್ಲಿ ಜೋಡಿ ದೋಣಿಗಳ ಮೇಲೆ ತೊಲೆ ಹಾಸಿ, ಅದರ ಮೇಲೆ ಮನೆ ಕೂರಿಸಿ, ಹಿನ್ನೀರು ದಾಟಿಸುತ್ತಿದ್ದರಂತೆ. ಓಡೆಲ್‌ನ ಕಸುಬೇ ಅದು. ಅಮೆರಿಕದ ಕ್ಯಾರೊಲೈನಾದ ಈ ಕರಾವಳಿಯಲ್ಲಿ ಮನೆ ಎತ್ತುವುದಿದ್ದರೆ ಮೊದಲು ಅವನಿಗೇ ಫೋನ್ ಬರುತ್ತಿತ್ತು. ಮನೆ ಸಾಗುವಾಗ ಮನೆಯೊಡತಿ ಒಳಗೇ ಇದ್ದು ಒಲೆ ಹಚ್ಚಿ ಅಡುಗೆ ಮಾಡುವುದು ಇಲ್ಲಿನ ಪದ್ಧತಿ. ಮೇಜಿನ ಮೇಲಿಟ್ಟ ಕಾಫಿ ತುಳುಕದಿದ್ದರೆ ಸಾಗಿಸಿದವನಿಗೆ ಮರ್ಯಾದೆ. ಭಾವ ವಿಲ್ಬರ್ಟ್ ತೀರಿಕೊಂಡ ವರ್ಷ, ದೋಣಿಕಟ್ಟೆಯ ಹತ್ತಿರ ಮೊಣಕಾಲುದ್ದ ನೀರು ನುಗ್ಗಿದ ಮೇಲೆ, ಓಡೆಲ್ ಅಕ್ಕನ ಮನೆಯನ್ನು ಈ ಓಕ್ ಮರಗಳ ದಿಬ್ಬಕ್ಕೆ, ತನ್ನ ಮನೆಯ ಬೇಲಿಯ ಪಕ್ಕಕ್ಕೆ ತಂದಿಟ್ಟ. ಹಳೆಯ ಓಕ್ ಮರ ಎಲ್ಲಿದೆಯೋ ಅಲ್ಲಿ ನೀರು ಬರುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದ. ಅಕ್ಕ ಅಲ್ಮಾ ಆ ದಿನ ಒಳಗೆ ಕೂರಲಿಲ್ಲ. "ನೀನ್ ಎಳ್ಕೊಂಡ್ ಹೋಗಪ್ಪ, ನಾನ್ ನಡ್ಕೊಂಡ್ ಬರ್ತೀನಿ" ಎಂದಳು. ತನ್ನದೇ ಮನೆಯ ಹಿಂದೆ, ಹೆಣದ ಹಿಂದೆ ಹೋಗುವವರ ಹಾಗೆ ಕೈಕಟ್ಟಿಕೊಂಡು ನಡೆದಳು. ಊರೆಲ್ಲ ಜಗಲಿಯ ಮೇಲೆ ನಿಂತು ನೋಡಿತು. ಒಳಗೆ ಯಾರೂ ಇಲ್ಲದ ಮನೆಯನ್ನು ಸಾಗಿಸುವಾಗ ಅವನಿಗೆ ಎಂದೂ ಆಗದಷ್ಟು ಅವಮಾನವಾಗಿತ್ತು. ದಿಬ್ಬಕ್ಕೆ ಬರುತ್ತೀಯಾ ಎಂದು ಅವಳನ್ನು ಮೊದಲೇ ಕೇಳಿದ್ದ ತಾನೆ? ಕೇಳಿದ್ದ. "ನೋಡೋಣ" ಅಂದಿದ್ದಳು. ನೋಡೋಣ ಎಂದರೆ ಬೇಡ ಎಂದಲ್ಲವಲ್ಲ.

ಆ ಗೆರೆಯ ಸುದ್ದಿ ಅವನಿಗೆ ಆಗ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಬಾಯಿಂದ ಹೇಳಬಹುದು, ಹೊಟ್ಟೆಗೆ ಹೇಳಲಾಗುವುದಿಲ್ಲ. ಬಹಳ ಹಿಂದೆ ರಾಜಧಾನಿಯಲ್ಲಿ ಯಾರೋ ಕೂತು ಕರಾವಳಿಯ ನಕ್ಷೆಯ ಮೇಲೆ ಗೆರೆ ಎಳೆದಿದ್ದರು. ಗೆರೆಯ ಆಚೆಗಿನ ಮರಳು, ಜೌಗು, ದಿಬ್ಬ ಎಲ್ಲ ಕಡಲಿಗೆ ಬಿಟ್ಟದ್ದು. ಅಲ್ಲಿ ಯಾರಾದರೂ ಮನೆ ಕಟ್ಟುವುದಾದರೆ ಕಟ್ಟಲಿ, ಬೇಡ ಎನ್ನುವುದಿಲ್ಲ. ಆದರೆ ಸರ್ಕಾರ ಅಲ್ಲಿ ಪ್ರವಾಹ ವಿಮೆ ಕೊಡುವುದಿಲ್ಲ, ಬಿರುಗಾಳಿ ಬಂದು ಮುರಿದರೆ ರಿಪೇರಿಗೆ ಕಾಸೂ ಕೊಡುವುದಿಲ್ಲ. ದೋಣಿಕಟ್ಟೆ ಗೆರೆಯ ಈಚೆಗಿತ್ತು, ದಿಬ್ಬ ಆಚೆಗೆ. ಜಾಗ ಕೊಳ್ಳುವಾಗ ಕಚೇರಿಯ ಹುಡುಗಿ ಹೇಳಿಯೂ ಹೇಳಿದ್ದಳು. ಅವನು ನಕ್ಕಿದ್ದ. ಆ ಗೆರೆ ಹೋಟೆಲು ಕಟ್ಟುವವರಿಗೆ ಎಂದುಕೊಂಡಿದ್ದ. ಅಲ್ಲದೆ ಅಕ್ಕನ ಮನೆ ಆ ಗೆರೆಗಿಂತ ಹಳೆಯದು. ದೋಣಿಯ ನಂಬರು ದೋಣಿಯ ಜೊತೆಗೇ ಹೋಗುವ ಹಾಗೆ ಮನೆಯ ವಯಸ್ಸೂ ಹಕ್ಕೂ ಮನೆಯ ಜೊತೆಗೇ ಬರುತ್ತವೆ ಎಂದು ಅವನು ತಿಳಿದಿದ್ದ. ಅವನೊಬ್ಬನೇ ಏನು, ದ್ವೀಪದಲ್ಲಿ ಯಾರನ್ನು ಕೇಳಿದ್ದರೂ ಹಾಗೆಯೇ ಹೇಳುತ್ತಿದ್ದರು. ಈ ಸಲ ಬಿರುಗಾಳಿ ಬಂದಾಗ ಅಜ್ಜನ ಮಾತು ನಿಜವಾಯಿತು, ದಿಬ್ಬಕ್ಕೆ ಹನಿ ನೀರೂ ಹತ್ತಲಿಲ್ಲ. ಗಾಳಿ ಮಾತ್ರ ಚಾವಣಿಯನ್ನು ಡಬ್ಬದ ಮುಚ್ಚಳ ಕಿತ್ತ ಹಾಗೆ ಕಿತ್ತುಕೊಂಡು ಹೋಯಿತು.

ನಿನ್ನೆ ಬೆಳಿಗ್ಗೆ ಮ್ಯಾನ್ಲಿ ಫುಲ್ಚರ್‌ನ ಅಂಗಡಿಯಲ್ಲಿ ಮೊಳೆ ಕೊಳ್ಳಲು ನಿಂತಿದ್ದಾಗ ಆ ಮಾತು ಬಂತು. ದೋಣಿಕಟ್ಟೆಯ ಮ್ಯಾನ್ಲಿಯ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು; ಅವನಿಗೆ ರಿಪೇರಿ ದುಡ್ಡು ಆಗಲೇ ಮಂಜೂರಾಗಿತ್ತು. ಸೀಗಡಿ ಬಲೆ ಹೆಣೆಯುತ್ತ ಕೂತಿದ್ದ ಅವನು ತಲೆ ಎತ್ತದೆಯೇ ಕೇಳಿದ. "ಏನೋ ಓಡೆಲ್, ಮುಳುಗೋ ಜಾಗದಲ್ಲಿ ಇದ್ದೋನಿಗೆ ದುಡ್ಡು, ಎತ್ತರಕ್ಕೆ ಹೋದೋಳಿಗೆ ನಾಮ. ಅಕ್ಕನ್ನ ಚೆನ್ನಾಗಿ ಎತ್ತರಕ್ಕೇರಿಸ್ದೆ ಬಿಡು." ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಕೆಟ್ಟ ನಗೆಯೇನಲ್ಲ, ಅವರೆಲ್ಲ ಬಿರುಗಾಳಿಯ ಮಾರನೆಯ ದಿನ ಬಂದು ಟಾರ್ಪಾಲು ಕಟ್ಟಿದವರೇ. ಓಡೆಲ್ ತಾನೂ ನಕ್ಕ. ಹೊರಗೆ ಬಂದು ಟ್ರಕ್ಕಿನಲ್ಲಿ ಕೂತ ಮೇಲೆ ನೋಡಿಕೊಂಡರೆ ಮೊಳೆಯ ಪೊಟ್ಟಣವನ್ನು ಮರೆತು ಬಂದಿದ್ದ. ಮತ್ತೆ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಸಂಜೆ ಅಕ್ಕ ಏಡಿ ಸಾರು ಬಡಿಸುತ್ತ ಇನ್ನೊಂದು ಸುದ್ದಿ ಹೇಳಿದಳು. ಪರೀಕ್ಷೆಗೆ ಬರುವ ಹೆಂಗಸು ಫೋನ್ ಮಾಡಿದ್ದಳಂತೆ. ಅವಳ ಹತ್ತಿರವಿರುವ, ವಿಮಾನದಿಂದ ತೆಗೆದ ಚಿತ್ರ ಹಳೆಯದು. ಅದರಲ್ಲಿ ಮನೆ ಇನ್ನೂ ದೋಣಿಕಟ್ಟೆಯ ಹತ್ತಿರವೇ ಇದೆ. ನೀರು ಎತ್ತಿಕೊಂಡು ಹೋಗಿ ದಿಬ್ಬದ ಮೇಲೆ ಇಟ್ಟಿತೆ ಎಂದು ಕೇಳಿದಳಂತೆ.

"ನೀನೇನ್ ಹೇಳ್ದೆ?"

"ಬಂದ್ ನೋಡಮ್ಮ ಅಂದೆ."

ಓಡೆಲ್‌ನ ಕೈಯಲ್ಲಿ ಚಮಚ ಹಾಗೆಯೇ ನಿಂತಿತು. ಬಿರುಗಾಳಿ ಶುರುವಾದಾಗ ಮನೆ ಗೆರೆಯ ಈಚೆಗಿದ್ದು, ನೀರೇ ಅದನ್ನು ಆಚೆಗೆ ಒಯ್ದಿದ್ದರೆ ದುಡ್ಡು ಸಿಗುತ್ತದೆ. ಸರ್ಕಾರವೇ ಬಂದು ಬಾಯಿಗೆ ತುತ್ತಿಡುತ್ತಿದೆ, ಬಾಯಿ ತೆರೆದರೆ ಸಾಕು. ಆದರೆ ನೋಡಲು ಬರುವವಳಿಗೂ ಕಣ್ಣಿರುತ್ತದೆ. ನೀರು ತಂದ ಮನೆ ಕಂಬದ ಮೇಲೆ ಇಷ್ಟು ನೆಟ್ಟಗೆ, ಇಷ್ಟು ಸಮಕ್ಕೆ ಕೂತಿರುತ್ತದೆಯೆ? ಆ ಸಮವೇ ಅವನ ಹೆಮ್ಮೆಯಾಗಿತ್ತು. ಮನೆಯ ಯಾವ ಮೂಲೆಯಲ್ಲಿ ಗೋಲಿ ಇಟ್ಟರೂ ಉರುಳುತ್ತಿರಲಿಲ್ಲ. ಇದನ್ನು ಅಕ್ಕ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದಾಳೆಯೆ ಎಂದು ಅವನು ಹಾಸಿಗೆಯಲ್ಲಿ ಹೊರಳುತ್ತ ನೆನಪಿಸಿಕೊಳ್ಳಲು ನೋಡಿದ್ದ. ಹೇಳಿರಲಿಲ್ಲ.

"ಅಕ್ಕ," ಎಂದು ಅವನು ಹಲಗೆಯ ಅಡಿಯಿಂದ ಕೂಗಿದ. "ಸ್ವಲ್ಪ ಹೊತ್ತು ಹೊರಗಿರು."

ಹೆಜ್ಜೆ ನಿಂತಿತು. "ಯಾಕೋ?"

"ಕಂಬ ನೋಡ್ಬೇಕು."

"ಇಷ್ಟೊತ್ತು ಮತ್ತೇನ್ ನೋಡ್ತಿದ್ದೆ? ಕಾಗೆ ಲೆಕ್ಕ ಹಾಕ್ತಿದ್ಯಾ? ಒಲೆ ಮೇಲೆ ಬೀನ್ಸಿಟ್ಟಿದೀನಿ."

"ಆರ್ಸಿ ಬಾರೇ."

ಅವಳು ಗೊಣಗುತ್ತ ಮೆಟ್ಟಿಲಿಳಿದಳು. ಮನೆ ಮತ್ತು ಮರಳಿನ ನಡುವಿನ ಸಂದಿನಲ್ಲಿ ಅವನಿಗೆ ಅವಳ ರಬ್ಬರ್ ಬೂಟುಗಳು ಮಾತ್ರ ಕಂಡವು. ಅವು ಕೋಸಿನ ಪಾತಿಯ ಕಡೆಗೆ ಹೋಗಿ, ಅಲ್ಲಿ ತಿರುಗಿ, ಇವನತ್ತ ಮುಖ ಮಾಡಿ ನಿಂತವು. ಓಡೆಲ್ ಜಾಕಿಯನ್ನು ತೊಲೆಯ ಅಡಿಗೆ ಕೊಟ್ಟು ಹಿಡಿಯನ್ನು ಒತ್ತಿದ. ಮೂಲೆ ಕೂದಲೆಳೆಯಷ್ಟು ಎದ್ದಿತು. ಗಾರೆಗೆ ಉಳಿ ಹಾಕಿ ಸುತ್ತಿಗೆಯಿಂದ ಹೊಡೆದ. ಒಳ್ಳೆಯ ಗಾರೆ, ಬೇಗ ಬಿಡಲಿಲ್ಲ. ಹೊಡೆದಾಗಲೆಲ್ಲ ಕಣ್ಣಿಗೆ ಪುಡಿ ಬೀಳುತ್ತಿತ್ತು, ಒರೆಸಿಕೊಂಡರೆ ಕೈಯ ಮರಳು ಕಣ್ಣಿಗೆ. ಅಪ್ಪ ಹೀಗೆಯೇ ಮನೆಯ ಅಡಿಯಲ್ಲಿ ಮಲಗಿ, "ಮನೆ ಎತ್ತೋದು ದೊಡ್ಡದಲ್ಲ ಮಗ, ಇಳಿಸೋದು ದೊಡ್ಡದು. ಇಳಿಸೋವಾಗ ಅವಸರ ಮಾಡ್ದೋನು ಮನೆ ಮುರೀತಾನೆ" ಎನ್ನುತ್ತಿದ್ದ. ತಾನು ಅವಸರ ಮಾಡುತ್ತಿಲ್ಲ. ಒಂದು ಗೇಣು ಇಳಿದರೆ ಸಾಕು. ನೋಡಲು ಭಯವಾಗಬೇಕು, ಆದರೆ ಅವಳು ಹೋದ ಮೇಲೆ ಒಂದು ಮಧ್ಯಾಹ್ನದಲ್ಲಿ ಎತ್ತಿ ನಿಲ್ಲಿಸುವಂತಿರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಟ್ಟಿಗೆಗಳನ್ನು ಎಳೆದು, ನೀರೇ ಚೆಲ್ಲಾಪಿಲ್ಲಿ ಮಾಡಿದ ಹಾಗೆ ಮರಳಿನಲ್ಲಿ ಅಲ್ಲಲ್ಲಿ ಎಸೆದು, ತಾನು ಅಡಿಯಿಂದ ಸರಿದು ಹೊರಗೆ ಬಂದು, ಕೈ ಚಾಚಿ ಜಾಕಿಯನ್ನು ಇಳಿಸತೊಡಗಿದ.

ಆ ಸದ್ದು ದೊಡ್ಡದಾಗಿರಲಿಲ್ಲ. ಗಟ್ಟಿ ಬಟ್ಟೆಯನ್ನು ಯಾರೋ ನಿಧಾನವಾಗಿ ಹರಿದ ಹಾಗೆ ಮನೆಯ ಉದ್ದಕ್ಕೂ ಸಾಗಿತು. ಮೂಲೆ ಒಂದು ಗೇಣಿಗೆ ನಿಲ್ಲದೆ ಇಳಿಯಿತು, ಮರಳು ಮುಟ್ಟಿತು, ಕಿಟಕಿಯ ಗಾಜು ಒಡೆಯಿತು, ಒಳಗೆ ಪಾತ್ರೆ ಜಾರಿ ಬಿದ್ದು ಉರುಳಿತು. ಅವನಿಗೆ ಕೂಡಲೇ ಅರ್ಥವಾಯಿತು. ನಡುತೊಲೆ. ಚಾವಣಿಯಿಲ್ಲದೆ ಇಷ್ಟು ವಾರ ಟಾರ್ಪಾಲಿನ ಸಂದಿಯಿಂದ ಗೋಡೆಯೊಳಗೆ ಇಳಿದ ಮಳೆನೀರು ತೊಲೆಯನ್ನು ನೆನೆಸಿ ಕೊಳೆಸಿತ್ತು. ಬೇರೆ ಯಾರ ಮನೆಯಾಗಿದ್ದರೂ ಉಳಿಯಿಂದ ಚುಚ್ಚಿ ನೋಡದೆ ಅವನು ಜಾಕಿ ಮುಟ್ಟುತ್ತಿರಲಿಲ್ಲ. ಕಸುಬು ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ಅವನು ಎರಡೂ ಕೈಗಳನ್ನು ಮರಳಿಗೆ ಒತ್ತಿ ಕೂತ. ನಾಚಿಕೆ ಎನ್ನುವುದು ಇಷ್ಟು ಬಿಸಿಯಾಗಿರುತ್ತದೆ ಎಂದು ಅವನಿಗೆ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ಅಲ್ಮಾ ಕೋಸಿನ ಎಲೆಗಳನ್ನು ಏಪ್ರನ್ನಿನಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಬಂದಳು. ಬಾಗಿಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದ್ದರಿಂದ ಅಡ್ಡವಾಗಿ ನುಸುಳಬೇಕಾಯಿತು.

"ಏನೋ ಇದು?"

"ಬಿರುಗಾಳಿ," ಎಂದ ಓಡೆಲ್. "ನೀರು ಮನೇನ ದೋಣಿಕಟ್ಟೆಯಿಂದ ತಂತು. ಇಲ್ಲಿ ಕುಕ್ತು. ಅಷ್ಟೇ. ಅವಳು ಕೇಳಿದ್ರೆ ಹೂಂ ಅನ್ನು. ಚಾವಣಿ ಬರತ್ತೆ, ತೊಲೇನೂ ಅದ್ರಲ್ಲೇ ಹಾಕ್ಸೋಣ."

"ಬಿರುಗಾಳಿ ಇವತ್ ಬೆಳಿಗ್ಗೆ ಬಂತಾ?"

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದು ಹೂಂ."

ಅವಳು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಚಿಕ್ಕವನಿದ್ದಾಗ ಹಾಸಿಗೆ ಒದ್ದೆ ಮಾಡಿಕೊಂಡರೆ ಅಮ್ಮನಿಗೆ ಗೊತ್ತಾಗುವ ಮೊದಲೇ ಅವಳು ಬಂದು ಬಟ್ಟೆ ಬದಲಿಸುತ್ತಿದ್ದಳು. ಆಗ ಹೀಗೆಯೇ ನೋಡುತ್ತಿದ್ದಳು. "ಬೀನ್ಸೆಲ್ಲ ನೆಲದ ಮೇಲಿದೆ," ಎಂದಳು. "ಬಾ, ಬ್ರೆಡ್ಡಾದ್ರೂ ತಿನ್ನು." ಅವನು ತಿನ್ನಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ತಿಂದಳು. ಹೂಂ ಅನ್ನುತ್ತಾಳೋ ಇಲ್ಲವೋ ಎಂದು ಅವಳ ದವಡೆ ಆಡುವುದನ್ನೇ ಅವನು ನೋಡುತ್ತ ನಿಂತ.

ಬಂದವಳು ಕ್ವಿಂಟಾನಾ ಎಂಬ ಮೂವತ್ತರ ಆಸುಪಾಸಿನ ಹೆಂಗಸು, ಟೆಕ್ಸಾಸ್ ಕಡೆಯವಳು. ಬೂಟಿನ ಮೇಲೆ ಬೇರೆ ಬೇರೆ ಊರುಗಳ ಕೆಸರು. ಹೆಚ್ಚು ಮಾತಿಲ್ಲ. ಮನೆಯನ್ನು ಒಂದು ಸುತ್ತು ಬಂದಳು, ಫೋಟೋ ತೆಗೆದಳು, ಟಾರ್ಪಾಲಿನ ಅಡಿಗೆ ಬೆಳಕು ಬಿಟ್ಟು ನೋಡಿದಳು. ಮುರಿದ ಮೂಲೆಯ ಹತ್ತಿರ ಕೂತು ಒಂದು ಇಟ್ಟಿಗೆಯನ್ನು ಎತ್ತಿಕೊಂಡಳು. ಉಳಿ ತಾಗಿ ಇಟ್ಟಿಗೆ ಒಡೆದ ಜಾಗ ಹಸಿ ಗಾಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದಕ್ಕೆ ಮಣ್ಣು ಬಳಿಯಬೇಕಿತ್ತು ಎಂದು ಓಡೆಲ್‌ಗೆ ಆಗ ಹೊಳೆಯಿತು. ಆಮೇಲೆ ಅವಳು ನೆಟ್ಟಗೆ ನಿಂತಿದ್ದ ಉಳಿದ ಕಂಬಗಳ ಕಡೆಗೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಲ್ಲಿನ ಬಿರುಗಾಳಿಗೆ ಗಾರೆ ಕೆಲಸ ಚೆನ್ನಾಗಿ ಬರತ್ತೆ," ಎಂದಳು. ನಗಲಿಲ್ಲ.

"ಕಂಬ ಮೊದ್ಲಿಂದ್ಲೂ ಇದ್ವು," ಎಂದ ಓಡೆಲ್. "ಬೇರೆ ಮನೇದು. ಹಳೇದು."

"ಅಂದ್ರೆ ನೀರು ಮನೇನ ತಂದು ಸರಿಯಾಗಿ ಕಂಬಗಳ ಮೇಲೇ ಇಳಿಸ್ತು. ಒಂದು ಮೂಲೆ ಮಾತ್ರ ಕೈತಪ್ತು."

"ಹಾಗೇ ಆಗಿದ್ದು."

"ನೀವೇನ್ ಕೆಲ್ಸ ಮಾಡೋದು, ಸರ್?"

ಬೇಲಿಯ ಆಚೆ ನಿಂತಿದ್ದ ಅವನ ಟ್ರಕ್ಕಿನ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಗಿಲಿಕಿನ್, ಮನೆ ಎತ್ತುವವರು. ಅವಳು ಅದನ್ನು ಬಂದ ಕೂಡಲೇ ಓದಿದ್ದಳು ಎಂದು ಅವಳ ಮುಖವೇ ಹೇಳುತ್ತಿತ್ತು. ಅವಳು ಇಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಕೈ ಕೊಡವಿಕೊಂಡಳು. "ನೋಡಿ, ನಾನು ಪೊಲೀಸ್ ಅಲ್ಲ," ಎಂದಳು. "ನನ್ನ ಹತ್ರ ಇರೋ ಚಿತ್ರದಲ್ಲಿ ಮನೆ ದೋಣಿಕಟ್ಟೆ ಹತ್ರಾನೇ ಇದೆ. ಮನೆಯವ್ರು ಏನ್ ಹೇಳ್ತಾರೋ ಅದನ್ನ ಬರ್ಕೋತೀನಿ, ಸಹಿ ಹಾಕಿಸ್ಕೋತೀನಿ. ಸುಳ್ಳಾಗಿದ್ರೆ ಸಹಿ ಹಾಕಿದವ್ರ ತಲೆ ಮೇಲೆ. ಮನೆ ಇವ್ರದು, ಇವ್ರ ಬಾಯಿಂದ ಕೇಳ್ಬೇಕು." ಅವಳು ಮೆಟ್ಟಿಲ ಕಡೆಗೆ ತಿರುಗಿದಳು. "ಮೇಡಂ, ಬಿರುಗಾಳಿ ಬಂದ ದಿನ ಈ ಮನೆ ಎಲ್ಲಿತ್ತು?"

ಓಕ್ ಮರಗಳಲ್ಲಿ ಗಾಳಿ ಇತ್ತು, ಟಾರ್ಪಾಲಿನ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು. ಅಲ್ಮಾ ಏಪ್ರನ್ನಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಒಂದೊಂದಾಗಿ ಆರಿಸಿ ಕೆಳಗೆ ಹಾಕುತ್ತಿದ್ದಳು. ಹೂಂ ಅನ್ನು, ಹೂಂ ಅನ್ನು ಎಂದು ಓಡೆಲ್ ಒಳಗೊಳಗೇ ಬೇಡಿಕೊಂಡ. ಅಷ್ಟರಲ್ಲೇ ಅವನಿಗೆ, ಅವಳು ಹೂಂ ಎಂದರೆ ತಾನು ಈ ಜಾಗದಲ್ಲಿ ಮನೆ ಇಟ್ಟೇ ಇಲ್ಲ ಎಂದಾಗುತ್ತದೆ, ಆ ಇಡೀ ಚಳಿಗಾಲದ ಕೆಲಸ, ಆ ಸಮ, ಎಲ್ಲ ನೀರಿನ ಹೆಸರಿಗೆ ಹೋಗುತ್ತದೆ ಎಂದು ಹೊಳೆದು, ಇಂಥ ಹೊತ್ತಿನಲ್ಲೂ ತನ್ನ ಹೊಟ್ಟೆಯಲ್ಲಿ ಇಂಥ ಸಣ್ಣತನ ಏಳುತ್ತದಲ್ಲ ಎಂದು ಹೇಸಿಗೆಯಾಯಿತು.

"ಇಲ್ಲೇ ಇತ್ತು," ಎಂದಳು ಅಲ್ಮಾ. "ನೀರಿಗೆ ಇಷ್ಟು ನೀಟಾಗಿ ಮನೆ ಇಡೋಕೆ ಬರತ್ತೇನಮ್ಮ? ನನ್ ತಮ್ಮ ಇಟ್ಟಿದ್ದು. ಗೋಲಿ ಇಟ್ರೆ ಉರುಳ್ತಿರ್ಲಿಲ್ಲ. ಇವತ್ ಬೆಳಿಗ್ಗೆವರೆಗೂ."

ಓಡೆಲ್‌ನ ಕಣ್ಣಲ್ಲಿ ನೀರು ಬಂತು. ಹೆಮ್ಮೆಯೋ, ಎಲ್ಲ ಮುಗಿಯಿತೆಂಬ ಸಂಕಟವೋ, ಅವನಿಗೇ ತಿಳಿಯಲಿಲ್ಲ. ಗೋಲಿಯ ಮಾತು ಅವಳಿಗೆ ಗೊತ್ತಿತ್ತು. ಯಾವಾಗಲೋ, ಯಾರೂ ಇಲ್ಲದಾಗ, ನೆಲದ ಮೇಲೆ ಇಟ್ಟು ನೋಡಿದ್ದಳು. ಕ್ವಿಂಟಾನಾ ಟ್ಯಾಬಿನ ಮೇಲೆ ಬೆರಳಾಡಿಸಿ ಏನೋ ಬರೆದುಕೊಂಡಳು. "ಹಾಗಾದ್ರೆ ರಿಪೇರಿಗೆ ಏನೂ ಕೊಡೋಕಾಗಲ್ಲ ಮೇಡಂ. ಗೆರೆ ಆಚೆ ಮನೆಗೆ ಒಂದು ಮೊಳೆನೂ ಕೊಡಂಗಿಲ್ಲ. ಅದು ನಾನ್ ಮಾಡಿದ ನಿಯಮ ಅಲ್ಲ." ಅವಳು ತಿರುಗಿ ಮುರಿದ ಮೂಲೆಯನ್ನು, ವಾಲಿದ ಬಾಗಿಲನ್ನು ಇನ್ನೊಮ್ಮೆ ನೋಡಿದಳು. "ಆದ್ರೆ ಇದ್ರೊಳಗೆ ನೀವು ಇರೋಕೂ ಆಗಲ್ಲ. ವಾಸಕ್ಕೆ ತಕ್ಕದ್ದಲ್ಲ ಅಂತ ಬರೀಬೇಕು ನಾನು. ಬರೀ ಚಾವಣಿ ಹೋಗಿ ಟಾರ್ಪಾಲ್ ಕಟ್ಟಿದ್ದಿದ್ರೆ ಇರಬಹುದು ಅಂತಿದ್ದೆ. ಈ ತೊಲೆ ನೋಡಿದ್ ಮೇಲೆ ಆಗಲ್ಲ. ಇದು ಯಾವತ್ ಮುರೀತು ಅಂತ ನಾನ್ ಕೇಳಲ್ಲ. ಮಳೆನೀರು ಕೊಳೆಸಿರೋದು ಕಣ್ಣಿಗೇ ಕಾಣತ್ತೆ. ಹೀಗಿದ್ದಾಗ ಗೆರೆ ಆಚೆಯವ್ರಿಗೂ ಬೇರೆ ಕಡೆ ಇರೋಕೆ ಬಾಡಿಗೆ ಕೊಡಬಹುದು. ದ್ವೀಪದಲ್ಲಿ ಬಾಡಿಗೆಗೆ ಮನೆ ಉಳಿದಿಲ್ಲ ಅಂತ ಗೊತ್ತು. ಆಚೆ ದಡದಲ್ಲಿ ಯಾರಾದ್ರೂ ಇದಾರಾ?"

"ನಾಳೆ ಎತ್ತಿ ನಿಲ್ಲಿಸ್ತೀನಿ," ಎಂದ ಓಡೆಲ್. "ತೊಲೆ ಹಾಕ್ತೀನಿ. ಅಲ್ಲಿವರೆಗೂ ನಮ್ಮನೇಲಿ ಇರ್ತಾಳೆ. ಅವಳು ಎಲ್ಲೂ ಹೋಗಲ್ಲ. ಅಕ್ಕ, ಹೇಳು."

ಅಲ್ಮಾ ಕ್ವಿಂಟಾನಾಳ ಕಡೆಗೇ ನೋಡುತ್ತಿದ್ದಳು. ಹಿನ್ನೀರಿನ ಆಚೆಯ ಊರಿನ ಒಂದು ಬೀದಿಯ ಹೆಸರು ಹೇಳಿದಳು, ಮನೆ ನಂಬರು ಹೇಳಿದಳು, ಹೆಸ್ಟರ್ ಸ್ಟೈರನ್ ಎಂಬ ಹೆಂಗಸಿನ ಫೋನ್ ನಂಬರನ್ನು ತಡವರಿಸದೆ ಹೇಳಿದಳು. "ಮೇಲಿನ ಮಹಡಿ. ಒಂದು ರೂಮು, ಒಂದು ಅಡುಗೆ ಮನೆ. ಆಸ್ಪತ್ರೆ ಎದುರಿಗೇ ಇದೆ. ವಸಂತದಿಂದ ನನಗೋಸ್ಕರ ಖಾಲಿ ಇಟ್ಕೊಂಡು ಕೇಳ್ತಾನೇ ಇದಾಳೆ, ಪಾಪ. ಇಷ್ಟು ದಿನ ನನ್ ಕೈಲಿ ಬಾಡಿಗೆ ಆಗ್ತಿರ್ಲಿಲ್ಲ."

ವಸಂತದಿಂದ. ಆಗ ಬಿರುಗಾಳಿಯಿರಲಿಲ್ಲ, ಚಾವಣಿ ಮೇಲೆಯೇ ಇತ್ತು. ಓಡೆಲ್ ಬೇಲಿಯ ಪಕ್ಕದಲ್ಲಿ ದಿನಾ ಬೆಳಿಗ್ಗೆ ಅವಳ ಕಿಟಕಿಯ ದೀಪ ಹತ್ತುವುದನ್ನು ನೋಡಿ ಸಮಾಧಾನ ಪಟ್ಟುಕೊಂಡಿದ್ದ ಅಷ್ಟೂ ದಿನ ಅವಳು ಆ ಕಿಟಕಿಯಿಂದ ಹಿನ್ನೀರಿನ ಆಚೆಯ ದಡ ನೋಡುತ್ತ ನಿಂತಿದ್ದಳೆ? ಕ್ವಿಂಟಾನಾ ಟ್ಯಾಬನ್ನು ಚಾಚಿದಳು, ಅಲ್ಮಾ ಬೆರಳಿನಿಂದ ಸಹಿ ಹಾಕಿದಳು. ಅವನನ್ನು ಕೇಳಲಿಲ್ಲ. ಕಾರು ಓಕ್ ಮರಗಳ ನಡುವೆ ಇಳಿದುಹೋದ ಮೇಲೂ ಇಬ್ಬರೂ ಹಾಗೆಯೇ ಇದ್ದರು, ಅವಳು ಮೆಟ್ಟಿಲ ಮೇಲೆ, ಅವನು ಮರಳಿನಲ್ಲಿ.

"ಅಲ್ಲಿ ನಿನ್ ಮನೆ ಇಡೋಷ್ಟು ಜಾಗ ಸಿಗತ್ತೆ ಅಕ್ಕ," ಎಂದ ಅವನು ಕೊನೆಗೆ. "ದೊಡ್ಡ ದೋಣಿ ತರ್ಸ್ತೀನಿ. ತೊಲೆ ಹಾಕಿ, ಎತ್ತಿ, ದಾಟಿಸ್ತೀನಿ. ಅಜ್ಜ ಮಾಡಿರ್ಲಿಲ್ವಾ?"

ಅಲ್ಮಾ ಕಂಬಿ ಹಿಡಿದು ಎದ್ದು ನಿಂತಳು. ಎಡಗಾಲಿನ ಮೇಲೆ ಭಾರ ಬಿಡದೆ, ಒಂದೊಂದೇ ಮೆಟ್ಟಿಲು ಇಳಿದು ಬಂದು, ಅವನ ತಲೆಗೂದಲಿನಲ್ಲಿದ್ದ ಗಾರೆಯ ಪುಡಿಯನ್ನು ಕೈಯಿಂದ ಕೊಡವಿದಳು.

"ಬೇಡ ಕಣೋ," ಎಂದಳು. "ಮನೆ ಇಲ್ಲೇ ಇರ್ಲಿ. ಈ ಸಲ ನಾನ್ ಹೋಗ್ತೀನಿ."